ಲೆಕ್ಕ ಬರೆದಿಟ್ಟ ಗಾಳ



ಇವತ್ತು ಗಾಳದ ಸ್ಪರ್ಧೆಗಳ ವಿಚಾರವಾಗಿ ಒಂದಿಷ್ಟು ಮಾತು ಹೇಳಬೇಕೆಂದಿದ್ದೇನೆ. ಮಂಡ್ಯ ಜಿಲ್ಲೆಯವರಿಗೆ ಕಡಲು ದೂರ. ನಮಗೆ ನೀರೆಂದರೆ ವಿಶ್ವೇಶ್ವರಯ್ಯ ನಾಲೆಯ ನೀರು, ಊರ ಕೆರೆಯ ನೀರು. ಹೊಳೆಯೆಂದರೆ ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷೆ, ವೀರವೈಷ್ಣವಿ. ಹಾಗಿದ್ದರೂ ಗಾಳ ಹಿಡಿದ ಜನ ನೂರು ವರ್ಷಕ್ಕೂ ಮೇಲ್ಪಟ್ಟು ದೇಶವಿದೇಶಗಳಲ್ಲಿ ಹೆಸರು ಹೇಳುತ್ತ ಬಂದ ಒಂದು ಮೀನು ಇರುವುದು ನಮ್ಮ ಜಿಲ್ಲೆಯಲ್ಲಿ, ಮಳವಳ್ಳಿ ತಾಲ್ಲೂಕಿನ ಕಾವೇರಿಯಲ್ಲಿ. ಆ ಮೀನಿನ ಗತಿ ಏನಾಯಿತು, ಅದು ನಮಗೆ ತಿಳಿದದ್ದು ಹೇಗೆ, ಅದರಿಂದ ನಮ್ಮ ಹಳ್ಳಿಗಳು ಕಲಿಯಬೇಕಾದದ್ದು ಏನು ಎಂಬುದೇ ಇವತ್ತಿನ ವಿಷಯ. ಅದಕ್ಕೂ ಮೊದಲು ಒಮ್ಮೆ ಕಡಲಿನ ಕಡೆ ಹೋಗಿ ಬರೋಣ. ಗಾಳದ ಸ್ಪರ್ಧೆಗೆ ಕಟ್ಟುನಿಟ್ಟಾದ ಕಟ್ಟಳೆ ಬೆಳೆದದ್ದು ಕಡಲಿನಲ್ಲಿ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ತೀರದಲ್ಲಿ ಮೋರ್‌ಹೆಡ್ ಸಿಟಿ ಎಂಬ ಊರಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅಲ್ಲಿ ಬಿಗ್ ರಾಕ್ ಎಂಬ ಹೆಸರಿನ ಪಂದ್ಯ ನಡೆಯುತ್ತದೆ. ನೀಲಿ ಮಾರ್ಲಿನ್ ಎಂಬ ಉದ್ದ ಮೂತಿಯ ಭಾರಿ ಮೀನನ್ನು ಹುಡುಕಿಕೊಂಡು ದೋಣಿಗಳು ಬೆಳಗಿನ ಜಾವವೇ ಆಳ ಸಮುದ್ರಕ್ಕೆ ಹೊರಡುತ್ತವೆ. ಸಂಜೆ ದಡಕ್ಕೆ ಬಂದ ಮೀನನ್ನು ಊರ ಜನರೆದುರು ತೂಗುತ್ತಾರೆ. 2023ರಲ್ಲಿ ಸೆನ್ಸೇಷನ್ ಎಂಬ ದೋಣಿಯವರು 619.4 ಪೌಂಡಿನ, ಅಂದರೆ ಸುಮಾರು 281 ಕಿಲೋ ತೂಕದ ಮಾರ್ಲಿನ್ ತಂದರು. ಗಂಟೆಗಟ್ಟಲೆ ಸೆಣಸಿ ದೋಣಿಗೆ ಎಳೆದುಕೊಂಡ ಮೀನು ಅದು. ಆ ವರ್ಷ ಅಷ್ಟು ತೂಕದ ಮೀನು ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಬಹುಮಾನದ ಹಣ ಸುಮಾರು 35 ಲಕ್ಷ ಡಾಲರ್. ಆದರೆ ತೀರ್ಪುಗಾರರು ಮೀನನ್ನು ಪರೀಕ್ಷಿಸಿದಾಗ ಅದರ ಮೈಮೇಲೆ ಶಾರ್ಕ್ ಕಚ್ಚಿದ ಗಾಯ ಕಂಡಿತು. ಮೀನು ಸ್ಪರ್ಧೆಗೆ ಸಲ್ಲದು ಎಂದು ತೀರ್ಪು ಕೊಟ್ಟರು. 484.5 ಪೌಂಡಿನ ಮೀನು ತಂದ ಇನ್ನೊಂದು ದೋಣಿ ಗೆದ್ದಿತು.

ಇದೇನು ಅನ್ಯಾಯ ಎಂದು ಅನೇಕರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಶಾರ್ಕ್ ಕಚ್ಚಿದ ಮೀನು ತನ್ನ ಪೂರ್ತಿ ಬಲದಿಂದ ಎಳೆಯಲಾರದು. ಹಾಗಾಗಿ ಆ ಗೆಲುವು ಗಾಳ ಹಿಡಿದವನೊಬ್ಬನದೇ ಎನ್ನಲು ಬರುವುದಿಲ್ಲ. ಎದುರಾಳಿಯಾದ ಮೀನು ಗಟ್ಟಿಮುಟ್ಟಾಗಿರಬೇಕು, ಆಗಲೇ ಗೆಲುವಿಗೆ ಬೆಲೆ. ಮಾತು ಬಾರದ ಒಂದು ಜೀವಕ್ಕೂ ಸ್ಪರ್ಧೆಯಲ್ಲಿ ಇಷ್ಟು ಹಕ್ಕಿದೆಯೆಂದು ಒಪ್ಪಿಕೊಂಡ ಕಟ್ಟಳೆ ಅದು.

ಇಂಥ ಕಟ್ಟಳೆಗಳನ್ನು ಒಟ್ಟುಗೂಡಿಸಲು 1939ರಲ್ಲಿ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ ಹುಟ್ಟಿಕೊಂಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಐ.ಜಿ.ಎಫ್.ಎ. ಎನ್ನುತ್ತಾರೆ. ಮೀನು ಗಾಳಕ್ಕೆ ಬಿದ್ದ ಮೇಲೆ ಕೋಲನ್ನು ಬೇರೊಬ್ಬರು ಮುಟ್ಟುವಂತಿಲ್ಲ. ದಾರ ಎಷ್ಟು ಭಾರ ತಡೆಯುತ್ತದೆ ಎಂಬುದರ ಮೇಲೆ ಬೇರೆ ಬೇರೆ ದಾಖಲೆಗಳಿರುತ್ತವೆ. ದಾಖಲೆಗೆ ಬರಬೇಕಾದ ಮೀನನ್ನು ಅಲುಗಾಡುವ ದೋಣಿಯಲ್ಲಿ ತೂಗಿದರೆ ಸಲ್ಲದು, ಗಟ್ಟಿ ನೆಲದ ಮೇಲೆ, ಪರೀಕ್ಷೆಯಾದ ತಕ್ಕಡಿಯಲ್ಲಿ ತೂಗಬೇಕು.

ವರ್ಷಗಳು ಕಳೆದಂತೆ ಕಡಲಿನ ಪಂದ್ಯಗಳಿಗೆ ಇನ್ನೊಂದು ಬುದ್ಧಿ ಬಂತು. ಗೆದ್ದ ಮೀನನ್ನೆಲ್ಲ ದಡದಲ್ಲಿ ನೇತು ಹಾಕುತ್ತ ಹೋದರೆ ಮುಂದಿನ ವರ್ಷದ ಪಂದ್ಯಕ್ಕೆ ಮೀನೆಲ್ಲಿ? ಆದ್ದರಿಂದ ಹಿಡಿದು ಬಿಟ್ಟ ಮೀನಿಗೂ ಅಂಕ ಕೊಡುವ ಪದ್ಧತಿ ಬೆಳೆಯಿತು. ದೋಣಿಯ ಪಕ್ಕಕ್ಕೆ ಬಂದ ಮೀನಿನ ಚಿತ್ರ ತೆಗೆದುಕೊಂಡು, ಕೊಕ್ಕೆ ಬಿಡಿಸಿ, ನೀರಿಗೇ ಬಿಡುತ್ತಾರೆ. ಕೊಕ್ಕೆಯ ಆಕಾರವೂ ಬದಲಾಯಿತು. ಹಳೆಯ ಕೊಕ್ಕೆಯನ್ನು ಮೀನು ನುಂಗಿಬಿಟ್ಟರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆಯಾದರೆ ಸಾಮಾನ್ಯವಾಗಿ ಬಾಯಿಯ ಮೂಲೆಗೆ ಸಿಕ್ಕುತ್ತದೆ, ಬಿಡಿಸುವುದು ಸುಲಭ, ಮೀನು ಬದುಕುತ್ತದೆ. ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ಉದ್ದ ಮೂತಿಯ ಮೀನುಗಳ ಪಂದ್ಯಗಳಲ್ಲಿ ನಿಜವಾದ ಎರೆ ಬಳಸುವವರು ಇಂಥ ದುಂಡು ಕೊಕ್ಕೆಯನ್ನೇ ಹಾಕಬೇಕೆಂದು 2008ರಿಂದ ಕಾನೂನೇ ಇದೆ.

ನಮ್ಮ ಕರಾವಳಿಯಲ್ಲೂ ಗಾಳಕ್ಕೆ ಹಳೆಯ ನಂಟಿದೆ. ಬಲೆಯವರ ಜೊತೆಗೇ ಗಾಳ ಹಾಕಿ ಅಂಜಲ್ ಹಿಡಿಯುವ ಮೀನುಗಾರರಿದ್ದಾರೆ. ಮಂಗಳೂರು, ಮಲ್ಪೆಯ ಕಡೆ ಕಡಲಿಗೆ ಚಾಚಿದ ಕಲ್ಲಿನ ದಂಡೆಗಳ ಮೇಲೆ ರಜಾದಿನಗಳಲ್ಲಿ ಕೋಲು ಹಿಡಿದು ನಿಂತ ಹವ್ಯಾಸಿಗಳನ್ನೂ ನೋಡಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲಕ್ಕೆ ಬಿಡುವು ಕೊಡಬೇಕೆಂಬ ತಿಳಿವಳಿಕೆ ಅಲ್ಲಿ ಸರ್ಕಾರದ ಆಜ್ಞೆಯಾಗಿ ಪ್ರತಿ ಮಳೆಗಾಲದಲ್ಲೂ ಜಾರಿಗೆ ಬರುತ್ತದೆ.

ಈಗ ನಮ್ಮ ಕಾವೇರಿಗೆ ಬರೋಣ. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕಿದ ಕಾವೇರಿ ಅಲ್ಲಿಂದ ಮುಂದೆ ಬಂಡೆಗಳ ನಡುವೆ, ಕಾಡಿನ ನಡುವೆ ಹರಿಯುತ್ತದೆ. ಮದ್ದೂರನ್ನು ದಾಟಿ ಬಂದ ಶಿಂಷೆ ಮಳವಳ್ಳಿ ತಾಲ್ಲೂಕಿನಲ್ಲೇ ಅದನ್ನು ಕೂಡಿಕೊಳ್ಳುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಮುಂದೆ ಕನಕಪುರ ತಾಲ್ಲೂಕಿನ ಗಾಲಿಬೋರೆ, ಸಂಗಮ, ಮೇಕೆದಾಟು. ಮುತ್ತತ್ತಿರಾಯನ ಹರಕೆಗೆಂದು ಹೋಗಿ ಬಂದವರಿಗೆ ಆ ಹೊಳೆಯ ಗುರುತಿದೆ. ಒಂದೆಡೆ ಮೊಣಕಾಲುದ್ದ ನೀರಿನಲ್ಲಿ ಬಂಡೆ ಕಾಣುತ್ತದೆ, ನಾಲ್ಕು ಹೆಜ್ಜೆ ಆಚೆ ತಳ ಕಾಣದ ಮಡು. ಒಂದೆಡೆ ಬಿಳಿ ನೊರೆಯ ಸೆಳವು, ಅದರ ಕೆಳಗೆ ಅಲುಗದ ನೀರು.

ಇಂಥ ನೀರೇ ಮಹಶೀರ್ ಮೀನಿಗೆ ಬೇಕು. ನಮ್ಮ ಕಡೆ ಬಿಳಿಮೀನು ಎನ್ನುತ್ತಾರೆ. ಅಂಗೈಯಗಲದ ಹುರುಪೆ, ದಪ್ಪ ತುಟಿ, ಬಲವಾದ ಬಾಲ. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗಿದೆ. ಏಡಿಯನ್ನೂ ಶಂಖದ ಹುಳುವನ್ನೂ ಅದರಿಂದಲೇ ಪುಡಿಮಾಡಿ ನುಂಗುತ್ತದೆ. ಮಳೆಗಾಲದ ಹೊಸ ನೀರು ಬಂದಾಗ ಸೆಳವಿಗೆ ಎದುರಾಗಿ ಮೇಲಕ್ಕೆ ಹೋಗಿ, ಗರಸು ತುಂಬಿದ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕಾವೇರಿಯ ಮಹಶೀರ್‌ಗೆ ಇನ್ನೊಂದು ಗುರುತು ಇದೆ. ತಲೆಯ ಹಿಂದೆ ಬೆನ್ನು ಗೂನಾಗಿ ಏರಿರುತ್ತದೆ. ಅದಕ್ಕೆ ಗೂನುಬೆನ್ನಿನ ಮಹಶೀರ್ ಎಂದೇ ಹೆಸರು.

ಈ ಮೀನಿನ ಸುದ್ದಿ ಗಾಳಗಾರರಿಗೆ ಮುಟ್ಟಿ ಬಹಳ ಕಾಲವಾಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಎಂಬಾತ ಹಿಂದೂಸ್ಥಾನದ ಗಾಳದ ಮೀನುಗಳ ಮೇಲೆ ಬರೆದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ಮಹಶೀರ್‌ಗೆ ದೊಡ್ಡ ಸ್ಥಾನವಿದೆ. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬುವರು 119 ಪೌಂಡಿನ ಮಹಶೀರ್ ಹಿಡಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಹುಲಿ, ಚಿರತೆಗಳ ತೊಗಲಿಗೆ ರೂಪ ತುಂಬುವ ಕೆಲಸದಿಂದ ಮೈಸೂರಿಗೆ ಹೆಸರು ತಂದ ಮನೆತನ ಅದು. ಗಾಳದಲ್ಲಿ ಸಿಕ್ಕಿ ದಾಖಲೆಯಾದ ಮಹಶೀರ್‌ಗಳಲ್ಲಿ ಇವೆರಡೂ ಅತಿ ದೊಡ್ಡವು. ಎರಡೂ ಕಾವೇರಿ ಕೊಳ್ಳದವು.

ಸ್ವಾತಂತ್ರ್ಯ ಬಂದ ಮೇಲೆ ಕೆಲವು ಕಾಲ ಈ ಮೀನನ್ನು ಹೊರಗಿನವರು ಮರೆತೇಬಿಟ್ಟಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತು. ಕಾವೇರಿಯ ಒಂದಷ್ಟು ಉದ್ದವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ತರುಣರ ತಂಡವೊಂದು ಬಂದು, ದೊಡ್ಡ ಮಹಶೀರ್ ಇನ್ನೂ ಇದೆ ಎಂದು ಲೋಕಕ್ಕೆ ಸಾರಿತು. ಆ ತಂಡದವರಲ್ಲೊಬ್ಬರಾದ ರಾಬರ್ಟ್ ಹೌವಿಟ್ 1984ರಲ್ಲಿ ಕಾವೇರಿಯಲ್ಲಿ ಹಿಡಿದ 95 ಪೌಂಡಿನ ಮೀನು ಐ.ಜಿ.ಎಫ್.ಎ. ದಾಖಲೆ ಪುಸ್ತಕ ಸೇರಿತು. ಮಾರ್ಲಿನ್, ಟ್ಯೂನಾಗಳ ಹೆಸರಿರುವ ಅದೇ ಪುಸ್ತಕದಲ್ಲಿ ನಮ್ಮ ಹೊಳೆಯ ಹೆಸರೂ ಅಚ್ಚಾಯಿತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳದ ಶಿಬಿರಗಳು ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ನಡೆದವು. ಒಂದು ಮೀನಿನ ತೂಕಕ್ಕಾಗಿ ಇಂಗ್ಲೆಂಡಿನಿಂದ, ಯುರೋಪಿನಿಂದ ಜನ ಮಳವಳ್ಳಿಯ ಕಾಡಿಗೆ ಬಂದು ಇಳಿದರು.

ಆ ಶಿಬಿರಗಳಲ್ಲಿ ಕಟ್ಟಳೆ ಒಂದೇ. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ಹೊಳೆಗೆ ಬಿಡಬೇಕು. ಗಾಳಗಾರರಿಗೆ ಜೊತೆಯಾದವರು ಹೊಳೆಯ ದಡದ ಹಳ್ಳಿಗಳವರು. ಅವರಲ್ಲಿ ಕೆಲವರು ಹಿಂದೆ ಕಳ್ಳತನದಲ್ಲಿ ಮೀನು ಹೊಡೆಯುತ್ತಿದ್ದವರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಏಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆ ತಿಳಿವಳಿಕೆಗೆ ಸಂಬಳ ಬಂತು, ಮರ್ಯಾದೆಯೂ ಬಂತು.

ಮಂಡ್ಯದವರು ಕೇಳಿ ಹೆಮ್ಮೆಪಡಬೇಕಾದ ಸಂಗತಿ ಒಂದಿದೆ. ಆ ಮೀನಿಗೆ ಹಾಕುತ್ತಿದ್ದ ಮುಖ್ಯವಾದ ಎರೆ ನಮ್ಮ ರಾಗಿ. ರಾಗಿ ಹಿಟ್ಟಿಗೆ ಸೋಂಪಿನಂಥ ವಾಸನೆಯ ಸಾಮಾನು ಬೆರೆಸಿ, ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ ನೀರಿನಲ್ಲಿ ಬೇಯಿಸುತ್ತಿದ್ದರು. ಬೆಂದದ್ದನ್ನು ಬಿಸಿಯಿರುವಾಗಲೇ ಒಡೆದು ಮತ್ತೆ ನಾದುತ್ತಿದ್ದರು. ಮೆತ್ತಗಾದರೆ ಸೆಳವಿನಲ್ಲಿ ಕರಗಿಹೋಗುತ್ತದೆ, ಚಿಕ್ಕ ಮೀನುಗಳು ಕಿತ್ತು ತಿನ್ನುತ್ತವೆ. ತೀರ ಗಟ್ಟಿಯಾದರೆ ಕೊಕ್ಕೆ ಹೊರಗೆ ಬರುವುದಿಲ್ಲ. ಆ ಹದ ಗೊತ್ತಿದ್ದದ್ದು ಮುದ್ದೆ ತೊಳಸಿದ ಕೈಗಳಿಗೆ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ಸೆಳವಿನ ಅಂಚಿಗೆ ಎಸೆದು, ಬಂಡೆಯ ಮೇಲೆ ಕೂತು ದಾರಕ್ಕೆ ಬೆರಳು ಕೊಟ್ಟುಕೊಂಡು ಕಾಯುವುದು. ಮೊದಲು ಮರಿಗಳ ಚಿಟುಕು. ಆಮೇಲೆ ಏನೂ ಇಲ್ಲ. ಆಮೇಲೊಮ್ಮೆ ಕೋಲೇ ಕೈಯಿಂದ ಕಿತ್ತುಹೋಗುವಂಥ ಎಳೆತ. ರೀಲಿನಿಂದ ದಾರ ಕಿರುಗುಟ್ಟುತ್ತ ಹರಿದುಹೋಗುತ್ತದೆ. ಮೀನು ನೇರ ಬಂಡೆಗಳ ಸಂದಿಗೆ ನುಗ್ಗುತ್ತದೆ, ದಾರ ಬಂಡೆಗೆ ಸುತ್ತಿಕೊಳ್ಳುತ್ತದೆ. ಆಗ ಜೊತೆಗಾರ ತೆಪ್ಪ ಇಳಿಸುತ್ತಾನೆ. ಸೆಳವಿನಲ್ಲಿ ತೆಪ್ಪ ನಿಲ್ಲಿಸಿಕೊಂಡು, ದಾರ ಹಿಡಿದು ಹೋಗಿ, ಬಂಡೆಯಿಂದ ಬಿಡಿಸುತ್ತಾನೆ. ಕೋಲು ಹಿಡಿದವನ ಹೆಸರು ಪುಸ್ತಕಕ್ಕೆ ಬರುತ್ತದೆ. ಆದರೆ ಮೀನು ದಡ ಮುಟ್ಟಿದ್ದರಲ್ಲಿ ಅರ್ಧ ಪಾಲು ತೆಪ್ಪದವನದು.

ಬಿಡುವ ಹೊತ್ತಿಗೆ ಮೀನು ದಣಿದಿರುತ್ತದೆ. ಹಾಗೇ ಕೈಬಿಟ್ಟರೆ ಮಗುಚಿಕೊಂಡು ಸಾಯುತ್ತದೆ. ಅದಕ್ಕೆ ಸೊಂಟದುದ್ದ ನೀರಿಗಿಳಿದು, ಮೀನಿನ ತಲೆಯನ್ನು ಸೆಳವಿಗೆ ಎದುರು ಮಾಡಿ, ಹೊಟ್ಟೆಯ ಕೆಳಗೆ ಎರಡೂ ಕೈಯಿಟ್ಟು ಹಿಡಿದಿರಬೇಕು. ಹೊಸ ನೀರು ಕಿವಿರಿನೊಳಗೆ ಹಾದುಹೋದಂತೆ ಉಸಿರು ಮರಳುತ್ತದೆ. ಬಾಲ ಒಮ್ಮೆ ಬಲವಾಗಿ ಬೀಸಿತೆಂದರೆ ಅದು ತಾನೇ ಹೋಗುತ್ತದೆ, ನಾವು ಬಿಡಬೇಕಾದ್ದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಹಿಡಿದ ಮೀನನ್ನು ಯಾಕಣ್ಣ ಬಿಟ್ಟೆ ಎಂದು ನಮ್ಮ ಹಳ್ಳಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಒಂದು ಉತ್ತರ ನಮ್ಮ ದೇವಸ್ಥಾನಗಳಲ್ಲಿದೆ. ಇದೇ ಕಾವೇರಿಯ ಮೇಲ್ಭಾಗದಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯುವ ಮಾತೇ ಇಲ್ಲ, ಬಂದವರು ಪುರಿ ಎರಚಿ ಕೈಮುಗಿಯುತ್ತಾರೆ. ಶೃಂಗೇರಿಯ ತುಂಗೆಯಲ್ಲೂ ಹಾಗೆಯೇ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನು ದೇವರ ಮೀನು. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಮೀನುಗಳ ಸಾವಾದಾಗ ಊರವರು ದುಃಖಪಟ್ಟು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ತಿನ್ನುವ ಆಸೆಯನ್ನು ಒಂದು ಮಡುವಿನ ಮಟ್ಟಿಗಾದರೂ ಬಿಟ್ಟುಕೊಟ್ಟ ಜನ ನಾವು.

ಇನ್ನೊಂದು ಉತ್ತರ ಗಾಳಗಾರರ ಪುಸ್ತಕದಲ್ಲಿ ಸಿಕ್ಕಿತು. ನನ್ನ ಮಾತಿನ ಮುಖ್ಯ ಭಾಗ ಇದು, ದಯವಿಟ್ಟು ಗಮನಕೊಟ್ಟು ಕೇಳಿ.

ಗಾಲಿಬೋರೆ ಶಿಬಿರದಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಬಿತ್ತು, ಯಾವ ಬಗೆಯದು, ಎಷ್ಟು ತೂಕ ಎಂದು ತಪ್ಪದೆ ಬರೆದಿಡುತ್ತಿದ್ದರು. ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು 1998ರಿಂದ 2012ರವರೆಗಿನ ಆ ಲೆಕ್ಕವನ್ನು ಕೂಡಿಸಿ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಅಷ್ಟು ವರ್ಷಗಳಲ್ಲಿ 23,620 ಗಂಟೆ ಗಾಳ ಹಾಕಿ 6,161 ಮಹಶೀರ್ ಹಿಡಿದು ಬಿಟ್ಟಿದ್ದರು. ಸರಾಸರಿ ಹತ್ತಿರ ಹತ್ತಿರ ನಾಲ್ಕು ಗಂಟೆಗೆ ಒಂದು ಮೀನು. ಒಂದು ಪೌಂಡಿನ ಮರಿಯಿಂದ ಹಿಡಿದು 104 ಪೌಂಡಿನ ಹೆಮ್ಮೀನಿನವರೆಗೆ ಎಲ್ಲವೂ ಅದರಲ್ಲಿದ್ದವು.

ಒಟ್ಟು ಲೆಕ್ಕವನ್ನು ಮಾತ್ರ ನೋಡಿದವರಿಗೆ ಸಂತೋಷವಾಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಗಂಟೆಗೆ ಬೀಳುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು. ಕಾವಲು ಫಲ ಕೊಟ್ಟಿದೆ, ಮೀನು ಹೆಚ್ಚಾಗಿದೆ ಎನ್ನಬಹುದಿತ್ತು. ಆದರೆ ಬಗೆವಾರು ಬಿಡಿಸಿ ನೋಡಿದಾಗ ಬೇರೆಯೇ ಕಂಡಿತು. ಹೆಚ್ಚಾದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಆ ಹೊಳೆಯ ಮೂಲದ ಮೀನಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೊಟ್ಟೆಮನೆಯಲ್ಲಿ ಬೆಳೆಸಿದ ಮರಿಗಳನ್ನು ಎಪ್ಪತ್ತರ ದಶಕದಿಂದ ತಂದು ಬಿಟ್ಟದ್ದು. ಮಹಶೀರ್ ಉಳಿಯಲೆಂಬ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಅದು ಹಬ್ಬಿದಂತೆ ಕಾವೇರಿಯ ಸ್ವಂತ ಮೀನಾದ ಗೂನುಬೆನ್ನಿನ ಮಹಶೀರ್ ಪುಸ್ತಕದ ಪುಟಗಳಲ್ಲಿ ವರ್ಷ ವರ್ಷಕ್ಕೂ ಅಪರೂಪವಾಯಿತು. ಕೊನೆಕೊನೆಗೆ ಸಿಕ್ಕಿದವೆಲ್ಲ ದೊಡ್ಡ ಮುದಿ ಮೀನುಗಳು. ಮರಿಗಳಿಲ್ಲ. ಮನೆಯಲ್ಲಿ ಹಿರಿಯರಷ್ಟೇ ಇದ್ದು ತೊಟ್ಟಿಲು ಬರಿದಾದ ಹಾಗೆ.

ಯೋಚನೆ ಮಾಡಿ ನೋಡಿ. ಆ ಪುಸ್ತಕದಲ್ಲಿ ಮೀನು ಎಂದಷ್ಟೇ ಬರೆದಿದ್ದರೆ ಈ ಸತ್ಯ ಯಾರಿಗೂ ತಿಳಿಯುತ್ತಿರಲಿಲ್ಲ. ಯಾವ ಬಗೆ, ಎಷ್ಟು ತೂಕ ಎಂದು ಬಂಡೆಯ ಮೇಲೆ ಕೂತು ಬರೆದವರು ವಿಜ್ಞಾನಕ್ಕಾಗಿ ಬರೆದದ್ದಲ್ಲ. ಯಾರ ಮೀನು ದೊಡ್ಡದು ಎಂಬ ಪೈಪೋಟಿಗಾಗಿ ಬರೆದರು. ಪೈಪೋಟಿಯ ಲೆಕ್ಕ ಕಡೆಗೆ ಮೀನಿನ ಪರವಾಗಿ ಸಾಕ್ಷಿ ಹೇಳಿತು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಲಕುತ್ತದೆ. ಸುಮಾರು ಒಂದೂವರೆ ಶತಮಾನ ಹೆಸರುವಾಸಿಯಾಗಿದ್ದ ಈ ಮೀನಿಗೆ ಶಾಸ್ತ್ರೀಯವಾಗಿ ಯಾವ ಹೆಸರು ಸಲ್ಲುತ್ತದೆ ಎಂಬುದೇ ಇತ್ಯರ್ಥವಾಗಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ ಟಾರ್ ರೆಮಾದೇವಿ ಎಂಬ ಮೀನೂ ನಮ್ಮ ಗೂನುಬೆನ್ನಿನ ಮಹಶೀರೂ ಒಂದೇ ಎಂದು 2018ರಲ್ಲಿ ತೀರ್ಮಾನವಾಯಿತು. ಪಾಂಬಾರ್ ಕೂಡ ಅಮರಾವತಿಯನ್ನು ಸೇರಿ ಕಾವೇರಿಗೇ ಬರುವ ಹೊಳೆ. ಹೆಸರು ಸಿಕ್ಕ ಮೇಲೆ ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ತೀವ್ರ ಅಪಾಯದಲ್ಲಿರುವ ಜೀವಿ, ಅಂದರೆ ತನ್ನ ಸಹಜ ನೆಲೆಯಿಂದ ಅಳಿದುಹೋಗಲು ಒಂದೇ ಮೆಟ್ಟಿಲು ಹಿಂದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಮೀನಿದು.

ಹೀಗಾಗಲು ಹೊರಗಿನ ಮರಿಗಳಷ್ಟೇ ಕಾರಣವಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮೇಲೆ ಕನ್ನಂಬಾಡಿ ಕಟ್ಟೆ, ಕೆಳಗೆ 1934ರ ಮೆಟ್ಟೂರು ಅಣೆಕಟ್ಟೆ. ಕನ್ನಂಬಾಡಿಯ ನೀರಿನಿಂದ ಬಾಳು ಕಂಡ ಮಂಡ್ಯದವನಾಗಿ ಆ ಕಟ್ಟೆಯನ್ನು ನಾನು ದೂರುವುದಿಲ್ಲ. ಆದರೆ ಮಳೆಗಾಲದಲ್ಲಿ ಮೇಲಕ್ಕೆ ಹೋಗಿ ಮೊಟ್ಟೆಯಿಡುವ ಮೀನಿಗೆ ಹೊಳೆಯ ಏರಿಳಿತ ಹಿಂದಿನಂತೆ ಸಿಕ್ಕದೆ ಹೋಯಿತು ಎಂಬುದೂ ನಿಜ. ಮರಳು ಎತ್ತಿದ್ದರಿಂದ ಹೊಳೆಯ ತಳ ಕೆಟ್ಟಿತು. ಎಲ್ಲಕ್ಕಿಂತ ಹೇಯವಾದದ್ದು ತೋಟೆ ಸಿಡಿಸುವುದು. ಮಡುವಿಗೆ ಸಿಡಿಮದ್ದು ಎಸೆದರೆ ದೊಡ್ಡದು, ಚಿಕ್ಕದು, ಮೊಟ್ಟೆ ತುಂಬಿದ್ದು ಎನ್ನದೆ ಎಲ್ಲವೂ ಸಾಯುತ್ತವೆ. ತೇಲಿದ್ದನ್ನು ಬಾಚಿಕೊಳ್ಳುತ್ತಾರೆ, ಮುಳುಗಿದ್ದು ಕೊಳೆಯುತ್ತದೆ. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಸಿಡಿಮದ್ದೂ ವಿಷವೂ ಅಪರಾಧ. ನೂರಿಪ್ಪತ್ತು ವರ್ಷ ದಾಟಿದರೂ ಆ ಕೆಲಸ ನಿಂತಿಲ್ಲ.

ಭೀಮೇಶ್ವರಿಯ ಈ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ನೋಟದಿಂದ 2012ರ ಸುಮಾರಿಗೆ ಗಾಳದ ಶಿಬಿರಗಳು ನಿಂತವು. ಭೀಮೇಶ್ವರಿಗೆ ಈಗಲೂ ಪ್ರವಾಸಿಗಳು ಹೋಗುತ್ತಾರೆ, ಗಾಳ ಮಾತ್ರ ಇಲ್ಲ. ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಗಾಳ ನಿಂತದ್ದೇ ಸರಿ, ಮೀನಿಗೆ ನೋವು ಕೊಡುವುದು ಆಟವಾಗಬಾರದು ಎನ್ನುವವರಿದ್ದಾರೆ. ಗಾಳಗಾರರು ಹೋದ ಮೇಲೆ ಹೊಳೆಗೆ ಕಣ್ಣೇ ಇಲ್ಲವಾಯಿತು, ತೋಟೆಯವರಿಗೆ ದಾರಿ ತೆರೆಯಿತು ಎನ್ನುವವರಿದ್ದಾರೆ. ಎರಡರಲ್ಲೂ ಸತ್ಯವಿದೆ. ಕೊಕ್ಕೆ ಸಿಕ್ಕಿದ ಮೀನಿಗೆ ನೋವಾಗುತ್ತದೆ. ಬಿಟ್ಟ ಮೀನುಗಳೆಲ್ಲ ಬದುಕುತ್ತವೆ ಎಂದು ಯಾರೂ ಎದೆ ಮುಟ್ಟಿ ಹೇಳಲಾರರು. ಬೇಸಿಗೆಯ ಬಿಸಿ ನೀರಿನಲ್ಲಿ, ಚಿತ್ರಕ್ಕೆಂದು ಬಹಳ ಹೊತ್ತು ಮೇಲೆ ಹಿಡಿದ ಮೀನು ಆಮೇಲೆ ಸಾಯಬಹುದು. ಅಭಯಾರಣ್ಯದೊಳಗೆ ಮತ್ತೆ ಆಟದ ಗಾಳ ಬರಲಿ ಎಂದು ನಾನು ಕೇಳುವುದಿಲ್ಲ. ಆದರೆ ಗಾಳದ ಜೊತೆಗೆ ಲೆಕ್ಕವೂ ನಿಂತುಹೋಯಿತು ಎಂಬುದು ನನ್ನ ಸಂಕಟ. ಆ ಹೊಳೆಯನ್ನು ಅಂಗೈಯಂತೆ ಬಲ್ಲ ತೆಪ್ಪದ ಜನರನ್ನೇ ನೇಮಿಸಿಕೊಂಡು, ಕಾನೂನಿನ ಚೌಕಟ್ಟಿನಲ್ಲಿ, ವಿಜ್ಞಾನಿಗಳ ಜೊತೆ ಪ್ರತಿ ವರ್ಷ ಮೀನಿನ ಎಣಿಕೆ ನಡೆಸುವ ಕೆಲಸ ಸರ್ಕಾರದ್ದು. ಹುಲಿಗೆ ಎಣಿಕೆಯಿದೆ, ಆನೆಗೆ ಎಣಿಕೆಯಿದೆ. ಕಾವೇರಿಯ ಮಹಶೀರ್‌ಗೂ ಬೇಕು.

ಈಗ ನಮ್ಮ ಊರಿನ ಮಾತು. ಅಭಯಾರಣ್ಯದ ಕೆಲಸ ಸರ್ಕಾರದ್ದಾದರೆ, ಊರ ಕೆರೆಯ ಕೆಲಸ ನಮ್ಮದು. ನಮ್ಮ ಕೆರಗೋಡು ಹೋಬಳಿಯ ಕೆರೆಗಳಲ್ಲಿ, ಮದ್ದೂರು ಮಳವಳ್ಳಿಯ ಕೆರೆ ನಾಲೆಗಳಲ್ಲಿ ಬಿಡುವಿನ ಹೊತ್ತಿನಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ, ಬೆಂಡು ಸಿಕ್ಕಿಸಿ, ಎರೆಹುಳು ಹಾಕಿ ಕೂರದ ಹುಡುಗರಿಲ್ಲ. ಯಾರಿಗೆ ಮೊದಲು ಬಿತ್ತು, ಯಾರದು ದೊಡ್ಡದು ಎಂಬ ಪಂದ್ಯ ಅಲ್ಲೂ ಇದ್ದೇ ಇದೆ. ಆ ಪಂದ್ಯಕ್ಕೆ ಒಂದು ಕಟ್ಟಳೆ, ಒಂದು ಪುಸ್ತಕ ಕೊಟ್ಟರೆ ಸಾಕು.

ನಾನು ಹೇಳುವ ಪಂದ್ಯ ಹೀಗೆ. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ, ಬಿಸಿಲೇರುವ ಮೊದಲು, ಊರ ಕೆರೆಯ ಏರಿಯ ಮೇಲೆ ಗಾಳದ ಸ್ಪರ್ಧೆ. ಕೆರೆಯ ಮೀನಿನ ಹಕ್ಕು ಗುತ್ತಿಗೆ ಪಡೆದವರದು ಅಥವಾ ಸಹಕಾರ ಸಂಘದ್ದು ಆಗಿರುತ್ತದೆ. ಅವರನ್ನು ಕೇಳಿ, ಅವರನ್ನೂ ಸೇರಿಸಿಕೊಂಡೇ ಮಾಡಬೇಕು. ಮೀನುಗಾರಿಕೆ ಇಲಾಖೆಯವರನ್ನು ಕರೆಯಬೇಕು. ಕಡ್ಡಿ, ದಾರ, ಒಂದೇ ಕೊಕ್ಕೆ, ಅದೂ ಮುಳ್ಳು ತಿಕ್ಕಿ ನಯ ಮಾಡಿದ್ದು. ಬಿದ್ದ ಪ್ರತಿ ಮೀನನ್ನೂ ಒದ್ದೆ ಕೈಯಲ್ಲಿ ಹಿಡಿದು, ಅಳೆದು, ತೂಗಿ, ಹೆಸರು ಬರೆಯಬೇಕು. ಗೆಂಡೆ ಎಷ್ಟು, ಕೊರಮೀನು ಎಷ್ಟು, ಬಾಳೆ ಮೀನು ಎಷ್ಟು, ಚೇಳು ಮೀನು ಎಷ್ಟು. ನಮ್ಮ ನಾಡಿನ ಮೀನನ್ನು ಜೀವಂತ ನೀರಿಗೆ ಬಿಟ್ಟವರಿಗೆ ಅಂಕ. ಜಿಲೇಬಿ ಮೀನು, ಆಫ್ರಿಕಾದ ಕ್ಯಾಟ್‌ಫಿಶ್ ಬಿದ್ದರೆ ಮತ್ತೆ ಬಿಡುವಂತಿಲ್ಲ, ತೆಗೆದದ್ದಕ್ಕೂ ಅಂಕ. ಜಿಲೇಬಿ ಹೊರದೇಶದಿಂದ ಬಂದು ನಮ್ಮ ಕೆರೆಗಳನ್ನು ತುಂಬಿಕೊಂಡ ಮೀನು. ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕಿದ್ದನ್ನೆಲ್ಲ ತಿನ್ನುವುದರಿಂದ ಅದರ ಸಾಕಣೆಯನ್ನೇ ಸರ್ಕಾರ ನಿಷೇಧಿಸಿದೆ. ಬಹುಮಾನ ಅತಿ ದೊಡ್ಡ ಮೀನಿಗಲ್ಲ, ಅತಿ ಹೆಚ್ಚು ಬಗೆಯ ಮೀನುಗಳನ್ನು ಗುರುತಿಸಿ ಸರಿಯಾಗಿ ಬರೆದವರಿಗೆ. ಮೀನಿನ ಹೆಸರು ಮಕ್ಕಳಿಗೆ ತಿಳಿಯದಿದ್ದರೆ ಹೇಳಿಕೊಡಲು ಊರಿನ ಹಳೆಯ ಮೀನುಗಾರರಿದ್ದಾರೆ. ಅವರನ್ನು ತೀರ್ಪುಗಾರರಾಗಿ ಕುರ್ಚಿಯಲ್ಲಿ ಕೂರಿಸಬೇಕು. ಕೆರೆಯ ವಿಷಯದಲ್ಲಿ ಅವರೇ ಪಂಡಿತರು.

ಬರೆದ ಲೆಕ್ಕ ಎಲ್ಲಿಡಬೇಕು? ಅದಕ್ಕೂ ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಪಕ್ಷಿ, ಮೀನುಗಳ ದಾಖಲೆ ಪುಸ್ತಕವನ್ನು ಆ ಸಮಿತಿ ಊರವರನ್ನು ಕೇಳಿ ಬರೆಯಬೇಕು. ಸ್ಪರ್ಧೆಯ ಲೆಕ್ಕ ಪ್ರತಿ ವರ್ಷ ಆ ಪುಸ್ತಕಕ್ಕೆ ಸೇರಲಿ. ಹತ್ತು ವರ್ಷ ಹೀಗೆ ಬರೆದರೆ, ಯಾವ ಮೀನು ಕಡಿಮೆಯಾಗುತ್ತಿದೆ, ಯಾವುದು ಹೊಸದಾಗಿ ಬಂತು, ಕೆರೆಗೆ ಯಾವ ಕೊಳಕು ಸೇರಿದ ವರ್ಷ ಏನಾಯಿತು ಎಂದು ನಮ್ಮ ಊರಿನ ಮಕ್ಕಳೇ ಹೇಳಬಲ್ಲರು. ಹೂಳೆತ್ತಲು, ಒತ್ತುವರಿ ಬಿಡಿಸಲು ಅರ್ಜಿ ಹಾಕುವಾಗ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ಬೆಲೆ ಹೆಚ್ಚು.

ಸ್ಪರ್ಧೆ ಎಂದರೆ ಗೆಲ್ಲುವುದು, ಗೆದ್ದದ್ದನ್ನು ಮನೆಗೆ ಒಯ್ಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಸ್ಪರ್ಧೆಯ ಹೆಚ್ಚಿನ ಗುಣ ಬೇರೆಯದು. ಅದು ಜನರನ್ನು ಎಚ್ಚರದಿಂದ ನೋಡುವ ಹಾಗೆ, ಸರಿಯಾಗಿ ಅಳೆಯುವ ಹಾಗೆ, ಸುಳ್ಳು ಹೇಳದ ಹಾಗೆ ಮಾಡುತ್ತದೆ. ಉತ್ತರ ಕೆರೊಲಿನಾದ ತೀರ್ಪುಗಾರರು ಕೋಟಿಗಟ್ಟಲೆ ಬೆಲೆಯ ಮೀನನ್ನೂ ಗಾಯಕ್ಕಾಗಿ ಪರೀಕ್ಷಿಸಿದ್ದು ಆ ಎಚ್ಚರದಿಂದ. ಗಾಲಿಬೋರೆಯಲ್ಲಿ ಒಂದು ಪೌಂಡಿನ ಮರಿಯನ್ನೂ ಬಿಡದೆ ಬರೆದದ್ದು ಆ ಎಚ್ಚರದಿಂದ. ಅದೇ ಎಚ್ಚರ ನಮ್ಮ ಕೆರೆ ಏರಿಯ ಮೇಲೂ ಬರಬೇಕು.

ಕೊನೆಯಲ್ಲಿ ಮೂರು ಕೋರಿಕೆಗಳು. ಮುತ್ತತ್ತಿ, ಭೀಮೇಶ್ವರಿ, ಶಿವನಸಮುದ್ರದ ಕಡೆಯ ಬಂಧುಗಳೇ, ಹೊಳೆಯಲ್ಲಿ ತೋಟೆಯ ಸದ್ದು ಕೇಳಿದರೆ ಸುಮ್ಮನಿರಬೇಡಿ, ಅರಣ್ಯ ಇಲಾಖೆಗೋ ಪೊಲೀಸ್ ಠಾಣೆಗೋ ಆ ಹೊತ್ತಿಗೇ ತಿಳಿಸಿ. ಅಭಯಾರಣ್ಯದ ಹೊರಗೆ ಹೊಳೆಯಲ್ಲೋ ನಾಲೆಯಲ್ಲೋ ಮೀನು ಹಿಡಿಯುವವರೇ, ಬೆನ್ನು ಗೂನಾದ ಬಿಳಿಮೀನು ನಿಮ್ಮ ಗಾಳಕ್ಕೋ ಬಲೆಗೋ ಬಿದ್ದರೆ ನೀರಿನಲ್ಲೇ ಬಿಡಿಸಿ, ತಲೆಯನ್ನು ಸೆಳವಿಗೆ ಎದುರು ಹಿಡಿದು ಬಿಡಿ. ಒಂದು ಹೊತ್ತಿನ ಸಾರಿಗಿಂತ ಆ ಮೀನು ದೊಡ್ಡದು. ಇನ್ನು ಎಲ್ಲ ಹಳ್ಳಿಗಳ ಯುವಕರೇ, ಮೇಷ್ಟ್ರುಗಳೇ, ನಿಮ್ಮ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲೆ ಪುಸ್ತಕವನ್ನು ತೆಗೆಸಿ ನೋಡಿ. ಅದರಲ್ಲಿ ನಿಮ್ಮ ಕೆರೆಯ ಮೀನುಗಳ ಹೆಸರಿಲ್ಲದಿದ್ದರೆ, ಬರುವ ಬೇಸಿಗೆ ರಜೆಯಲ್ಲೇ ಗಾಳ ಹಾಕಿ, ಎಣಿಸಿ, ಬಿಟ್ಟು, ಬರೆಯಲು ಶುರುಮಾಡಿ.